ವಿದ್ಯಾರ್ಥಿಗಳಿಗೆ ಗುಡ್ ನ್ಯೂಸ್: ಶಾಲೆ ಇಲ್ಲ!

2025ರ ದಸರಾ ರಜೆ ಮುಗಿಸಿ ಮಕ್ಕಳು ಬ್ಯಾಗಿನ ಧೂಳು ಕೊಡವುತ್ತಿದ್ದ ಹೊತ್ತಿಗೆ ಸರ್ಕಾರ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿದಿರಲಿಲ್ಲ. ಮೇಷ್ಟ್ರು, ಟೀಚರುಗಳೆಲ್ಲ ಮೊಬೈಲು ಹಿಡಿದು, ನೆಟ್‌ವರ್ಕ್ ಹುಡುಕಿಕೊಂಡು ಮನೆಮನೆ ಅಲೆಯುತ್ತಿದ್ದರು. ನಾಡಿನ ಜನರ ಶೈಕ್ಷಣಿಕ ಸ್ಥಿತಿಗತಿ ತಿಳಿಯುವುದಕ್ಕೆ ನಾಡಿನ ಸರ್ಕಾರಿ ಶಾಲೆಗಳಿಗೇ ಬೀಗ ಹಾಕಬೇಕಾಯಿತು ಎಂಬುದರಲ್ಲಿ ಯಾವ ವರದಿಗಾರನಿಗಾದರೂ ಒಂದು ಕಥೆ ಕಾಣಬೇಕಿತ್ತು, ಕಥೆ ಕಾಣದಿದ್ದರೆ ಕನಿಷ್ಠ ಒಂದು ಕುಹಕವಾದರೂ ಹೊಳೆಯಬೇಕಿತ್ತು. ವಾಹಿನಿಗಳಿಗೆ ಹೊಳೆದದ್ದು ಬೇರೆ. ಕೆಂಪು ಪಟ್ಟಿ, ಹಳದಿ ಅಕ್ಷರ, ಹಿನ್ನೆಲೆಯಲ್ಲಿ ಯುದ್ಧಕ್ಕೆ ಹೊರಟ ಹಾಗೆ ಸಂಗೀತ: ‘ಶಾಲಾ ಮಕ್ಕಳಿಗೆ ಗುಡ್ ನ್ಯೂಸ್!’

ಅದೇ ತಿಂಗಳು ಇನ್ನೊಂದು ಗುಡ್ ನ್ಯೂಸ್ ಬಂತು. ಎಸ್ಸೆಸ್ಸೆಲ್ಸಿ ಪಾಸಾಗಲು ಬೇಕಿದ್ದ ಶೇ 35 ಅಂಕ ಶೇ 33ಕ್ಕೆ ಇಳಿಯಿತು. 625ಕ್ಕೆ 206 ಬಂದರೆ ಸಾಕು. ಬೇರೆ ಬೋರ್ಡುಗಳಲ್ಲಿ ಇರುವುದೂ ಅಷ್ಟೇ, ನಮ್ಮ ಮಕ್ಕಳೇಕೆ ಎರಡು ಅಂಕ ಹೆಚ್ಚು ಹೊರಬೇಕು ಎಂಬುದು ಅದರ ಹಿಂದಿನ ವಾದ. ವಾದದಲ್ಲಿ ಹುರುಳಿದೆಯೋ ಇಲ್ಲವೋ, ಕೂತು ಮಾತಾಡಬಹುದಿತ್ತು. ಆದರೆ ಗುಡ್ ನ್ಯೂಸ್ ಎಂದು ಮುದ್ರೆ ಬಿದ್ದ ಮೇಲೆ ಮಾತಾಡುವುದೇನಿದೆ? ಅಡುಗೆ ಅನಿಲದ ಸಿಲಿಂಡರಿಗೆ ಐವತ್ತು ರೂಪಾಯಿ ಇಳಿದಾಗ ಯಾರಾದರೂ ತಕರಾರು ತೆಗೆಯುತ್ತಾರೆಯೇ?

ಈ ಮುದ್ರೆ ಯಾವ ಯಾವ ಸುದ್ದಿಯ ಮೇಲೆ ಬೀಳುತ್ತದೆ ಎಂದು ಬಹಳ ದಿನದಿಂದ ನೋಡುತ್ತ ಬಂದಿದ್ದೇನೆ. ಜುಲೈನಲ್ಲಿ ಮಳೆ ಜಡಿದು ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ಗುಡ್ ನ್ಯೂಸ್. ಪಠ್ಯ ಕಡಿತವಾದರೆ ಗುಡ್ ನ್ಯೂಸ್. ಕೃಪಾಂಕ ಹೆಚ್ಚಾದರೆ ಬಂಪರ್ ಗುಡ್ ನ್ಯೂಸ್. ಇನ್ನು ‘ಶಾಕ್’ ಎಂಬ ಮುದ್ರೆ ಬೀಳುವ ಸುದ್ದಿಗಳು: ಹಾಜರಾತಿ ಕಡ್ಡಾಯ, ವಿಶೇಷ ತರಗತಿ, ಭಾನುವಾರವೂ ಪಾಠ, ಪರೀಕ್ಷಾ ಕೊಠಡಿಗೆ ಕ್ಯಾಮೆರಾ. ಒಟ್ಟಿನಲ್ಲಿ ಶಾಲೆ ಕಡಿಮೆಯಾದರೆ ಸಿಹಿಸುದ್ದಿ, ಹೆಚ್ಚಾದರೆ ಆಘಾತ. ಶಿಕ್ಷಣವೆಂದರೆ ಸರ್ಕಾರ ಮಕ್ಕಳ ಮೇಲೆ ಹೇರಿರುವ ಒಂದು ತೆರಿಗೆ; ಆಗಾಗ ಅದರಲ್ಲಿ ರಿಯಾಯಿತಿ ಸಿಗುತ್ತದೆ; ಚುನಾವಣೆ ಹತ್ತಿರವಿದ್ದರೆ ಕೊಂಚ ಹೆಚ್ಚು ಸಿಗುತ್ತದೆ. ಈ ಲೆಕ್ಕದಲ್ಲಿ ರಾಜ್ಯದ ಶಿಕ್ಷಣ ಚರಿತ್ರೆಯ ಸುವರ್ಣಯುಗ ಯಾವುದೆಂದರೆ 2021. ಆ ವರ್ಷ ಕೊರೊನಾ ಕಾರಣಕ್ಕೆ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಗಿ, ಹೊಸದಾಗಿ ಬರೆಯಬೇಕಿದ್ದವರೆಲ್ಲ ಒಟ್ಟಿಗೆ ಪಾಸಾದರು. ನೂರಕ್ಕೆ ನೂರು. ಅದಕ್ಕಿಂತ ದೊಡ್ಡ ಸುಧಾರಣೆಯನ್ನು ಯಾವ ಶಿಕ್ಷಣ ತಜ್ಞನೂ ಇನ್ನು ಮಾಡಲಾರ.

ಫಲಿತಾಂಶದ ದಿನವಂತೂ ಸುದ್ದಿಮನೆಯಲ್ಲಿ ಷೇರುಪೇಟೆಯ ಭಾಷೆ ಹೊಕ್ಕುಬಿಡುತ್ತದೆ. ಏರಿಕೆ, ಇಳಿಕೆ, ಕುಸಿತ, ಚೇತರಿಕೆ. ಜಿಲ್ಲೆಗಳೆಲ್ಲ ಕಂಪನಿಗಳು. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಶೇ 73.40ಕ್ಕೆ ಬಂತು. ‘ಭಾರಿ ಕುಸಿತ!’ ಯಾದಗಿರಿ ಶೇ 75ರ ಆಸುಪಾಸಿನಿಂದ ಶೇ 50.59ಕ್ಕೆ ಬಿತ್ತು. ಒಂದೇ ವರ್ಷದಲ್ಲಿ ಯಾದಗಿರಿಯ ಮಕ್ಕಳಲ್ಲಿ ಕಾಲುಭಾಗದಷ್ಟು ಜನ ದಡ್ಡರಾಗಿಬಿಟ್ಟರೇ? ಅಂಥದ್ದೇನೂ ಆಗಿರಲಿಲ್ಲ. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆಲ್ಲ ಸಿಸಿ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಮೊದಲು ಕಿಟಕಿಯಿಂದ ಬರುತ್ತಿದ್ದ ಚೀಟಿ ಬರಲಿಲ್ಲ, ಬಾಗಿಲಿನಿಂದ ಬರುತ್ತಿದ್ದ ಉತ್ತರವೂ ಬರಲಿಲ್ಲ. ಕುಸಿದದ್ದು ಕಲಿಕೆಯಾಗಿರಲಿಲ್ಲ, ನಕಲಿನ ಏಣಿ. ಏಣಿ ತೆಗೆದ ಮೇಲೆ ಮಕ್ಕಳು ನಿಜವಾಗಿ ಯಾವ ಎತ್ತರದಲ್ಲಿದ್ದಾರೆ ಎಂಬುದು ಮೊದಲ ಸಲ ಕಂಡಿತು. ಹಿಂದಿನ ವರ್ಷಗಳ ಫಲಿತಾಂಶ ಎಷ್ಟು ಸುಳ್ಳಾಗಿತ್ತು ಎಂದು ಕೇಳಬೇಕಾದ ದಿನ ಅದು. ನಾವು ಕೇಳಿದ್ದು, ಈ ವರ್ಷ ಯಾಕೆ ಬಿತ್ತು ಎಂದು.

ಆ ಶೇ 73 ಕೂಡ ಪೂರ್ತಿ ಅಸಲಿಯಲ್ಲ. ಫಲಿತಾಂಶ ನೋಡಿ ಗಾಬರಿಯಾದ ಇಲಾಖೆ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಆ ಕೈ ಹಿಡಿದು ದಡ ಸೇರಿದರು. ಅದನ್ನು ಕಳೆದರೆ ಉಳಿಯುವುದು ಶೇ 54ರ ಸುಮಾರು. ಮರುವರ್ಷ ಕೃಪಾಂಕ ಇರಲಿಲ್ಲ, ಕ್ಯಾಮೆರಾ ಇತ್ತು, ಒಟ್ಟು ಫಲಿತಾಂಶ ಶೇ 62.34 ಬಂತು. ಲೆಕ್ಕ ಬರುವವರು ಇದನ್ನು ಏರಿಕೆ ಎನ್ನಬೇಕು. ಸುದ್ದಿ ಪಟ್ಟಿಯಲ್ಲಿ ಬಂದದ್ದು ‘ಮತ್ತೆ ಕುಸಿತ’. ಎಪ್ಪತ್ತಮೂರರಿಂದ ಅರವತ್ತೆರಡಕ್ಕೆ ಇಳಿದರೆ ಕುಸಿತವಲ್ಲದೆ ಮತ್ತೇನು, ಗಣಿತದ ಮೇಷ್ಟ್ರ ಕೊರತೆ ಶಾಲೆಗಳಲ್ಲಿ ಮಾತ್ರ ಇದೆ ಎಂದುಕೊಂಡಿರಾ? ಹೀಗೆ ಕುಸಿತ ಕುಸಿತ ಎಂದು ಕೂಗಿಸಿಕೊಂಡ ಇಲಾಖೆ ಮುಂದಿನ ಫಲಿತಾಂಶವನ್ನು ಏರಿಸಲು ಕಲಿಕೆಯನ್ನೇ ಏರಿಸಬೇಕೆಂದೇನೂ ಇಲ್ಲ, ಪಾಸಿನ ಗೆರೆ ಇಳಿಸಿದರೂ ಆಗುತ್ತದೆ ಎಂದು ಅರ್ಥ ಮಾಡಿಕೊಂಡರೆ ಅದನ್ನು ದೂರುವ ಹಕ್ಕು ನಮಗೆಲ್ಲಿದೆ?

ಜಿಲ್ಲೆಗಳಿಗೂ ನಾವು ಕಾಯಂ ವಿಶೇಷಣ ಹಚ್ಚಿಟ್ಟಿದ್ದೇವೆ. ದಕ್ಷಿಣ ಕನ್ನಡ ‘ಬುದ್ಧಿವಂತರ ಜಿಲ್ಲೆ’. ಕಲಬುರಗಿ, ಯಾದಗಿರಿ, ರಾಯಚೂರು ‘ಹಿಂದುಳಿದ ಜಿಲ್ಲೆ’. ಮೊದಲಿನದು ಜನರ ಗುಣ, ಎರಡನೆಯದು ಜಿಲ್ಲೆಯ ಹಣೆಬರಹ. 2023ರಲ್ಲಿ ಚಿತ್ರದುರ್ಗ ಶೇ 96.80ರೊಂದಿಗೆ ಮೊದಲಾಗಿ, ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಎರಡೂ ಹದಿನೈದರಾಚೆ ಹೋದಾಗ ಪತ್ರಿಕೆಗಳಿಗೆ ಫಜೀತಿಯಾಯಿತು. ‘ಬುದ್ಧಿವಂತರ ಜಿಲ್ಲೆಗೆ ಮುಖಭಂಗ’ ಎಂದು ಹೇಗೋ ಸುಧಾರಿಸಿಕೊಂಡರು. ಬಿರುದು ಹಿಂದಕ್ಕೆ ಪಡೆಯಲಿಲ್ಲ. ಕ್ಯಾಮೆರಾ ಬಂದ ವರ್ಷ ಚಿತ್ರದುರ್ಗ ಇಪ್ಪತ್ತರಾಚೆ ಇಳಿಯಿತು, ಉಡುಪಿ ಮೇಲೆ ಬಂತು, ‘ಗತವೈಭವಕ್ಕೆ ಮರಳಿದ ಕರಾವಳಿ’ ಎಂದು ಬರೆದು ಎಲ್ಲರೂ ನಿಟ್ಟುಸಿರಿಟ್ಟರು. 2025ರಲ್ಲಿ ಕಲಬುರಗಿ ಶೇ 42.43ರೊಂದಿಗೆ ಕಟ್ಟಕಡೆಗೆ ನಿಂತಾಗ ಯಾರಿಗೂ ಆಶ್ಚರ್ಯವಾಗಲಿಲ್ಲ, ಹಿಂದುಳಿದ ಜಿಲ್ಲೆ ಹಿಂದುಳಿಯದೆ ಇನ್ನೇನು ಮಾಡುತ್ತದೆ? ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿಯುವಿಕೆಯನ್ನು ತಾಲ್ಲೂಕು ತಾಲ್ಲೂಕಾಗಿ ಅಳೆದು ಕಾರಣ ಹೇಳಿತ್ತು, ಹಣ ಎಲ್ಲಿ ಹೋಗಬೇಕೆಂದೂ ಹೇಳಿತ್ತು. ವಿಶೇಷಣ ಕೈಯಲ್ಲಿದ್ದರೆ ಕಾರಣ ಯಾರಿಗೆ ಬೇಕು.

ಇನ್ನು ‘ಬಾಲಕಿಯರೇ ಮೇಲುಗೈ’. ಈ ಶೀರ್ಷಿಕೆಯ ಅಚ್ಚುಮೊಳೆ ಸವೆದು ಹೋಗಿರಬೇಕು, ಅಷ್ಟು ವರ್ಷದಿಂದ ಅದನ್ನೇ ಹಾಕುತ್ತಿದ್ದೇವೆ. ಅದರಲ್ಲಿರುವ ಆ ‘ಏ’ಕಾರ ನೋಡಿ. ಪ್ರತಿ ಮೇ ತಿಂಗಳಲ್ಲೂ ಹೊಸದಾಗಿ ಬೆಚ್ಚಿಬೀಳುವ ಏಕಾರ. 2024ರಲ್ಲಿ ಹುಡುಗಿಯರು ಶೇ 81, ಹುಡುಗರು ಶೇ 66. ಇಷ್ಟು ದೊಡ್ಡ ಅಂತರ ವರ್ಷವೂ ಇದ್ದರೆ ನಿಜವಾದ ಸುದ್ದಿ ಹುಡುಗರದು: ಸಾವಿರಾರು ಗಂಡುಮಕ್ಕಳು ಹತ್ತನೇ ಕ್ಲಾಸಿನ ಬಾಗಿಲಲ್ಲೇ ಯಾಕೆ ಎಡವುತ್ತಿದ್ದಾರೆ? ಎರಡನೇ ಸುದ್ದಿ ಆ ಹುಡುಗಿಯರದು: ಮೇಲಾದ ಆ ಕೈಗೆ ಮೂರು ವರ್ಷದಲ್ಲಿ ಪುಸ್ತಕ ಉಳಿದಿದೆಯೋ, ಬಳೆಶಾಸ್ತ್ರ ಆಗಿದೆಯೋ? ಮೇಲುಗೈ ಎಂಬುದು ಕುಸ್ತಿಯ ಮಾತು. ಕುಸ್ತಿ ಮುಗಿದ ಮೇಲೆ ಅಖಾಡದಲ್ಲಿ ಯಾರೂ ನಿಲ್ಲುವುದಿಲ್ಲ.

ಕುಸ್ತಿ ಎಂದೆ. ನಮ್ಮ ಶಿಕ್ಷಣ ವರದಿಗಾರಿಕೆಯ ಅರ್ಧ ಪದಕೋಶ ಗರಡಿಮನೆಯದೇ. ‘ಖಾಸಗಿ ಶಾಲೆಗೆ ಸೆಡ್ಡು ಹೊಡೆದ ಸರ್ಕಾರಿ ಶಾಲೆ’ ಎಂದು ಊರಿನವರೆಲ್ಲ ಸೇರಿ ಬಣ್ಣ ಬಳಿಸಿದ ಶಾಲೆಯ ಫೋಟೊ ಹಾಕುತ್ತೇವೆ. ಹೊಗಳಿಕೆಯೇ. ಆದರೆ ಹೊಗಳಿಕೆಯಲ್ಲೂ ಅಳತೆಗೋಲು ಖಾಸಗಿಯವರದು. ಸರ್ಕಾರಿ ಶಾಲೆ ಚೆನ್ನಾಗಿರುವುದೆಂದರೆ ಖಾಸಗಿ ಶಾಲೆಯ ಥರ ಕಾಣುವುದು. ಹಾಗೆ ಕಾಣದ ದಿನ ಆ ಶಾಲೆ ಸುದ್ದಿಯಾಗಬೇಕಾದರೆ ಚಾವಣಿಯ ಹೆಂಚಾದರೂ ಬೀಳಬೇಕು. ಹೆಂಚು ಬೀಳದೆ, ಬಣ್ಣ ಬಳಿಸಿಕೊಳ್ಳದೆ, ಬೆಳಿಗ್ಗೆ ಹತ್ತಕ್ಕೆ ಗಂಟೆ ಹೊಡೆದು ಸಂಜೆ ನಾಲ್ಕೂವರೆಗೆ ಬಿಡುವ ಹತ್ತಾರು ಸಾವಿರ ಶಾಲೆಗಳು ಈ ರಾಜ್ಯದಲ್ಲಿವೆ ಎಂಬ ಸಂಗತಿ ಪತ್ರಿಕೆ ಓದಿ ಬದುಕುವವರಿಗೆ ತಿಳಿಯುವ ಹಾಗೆಯೇ ಇಲ್ಲ.

ಒಂದು ಸುಧಾರಣೆ ಹುಟ್ಟಿ ಸಾಯುವವರೆಗೆ ನಮ್ಮ ಭಾಷೆಯಲ್ಲಿ ಅದಕ್ಕೆ ಐದು ಸಂಸ್ಕಾರಗಳಿವೆ. ಮೊದಲನೆಯದು ‘ಚಿಂತನೆ’. ‘ಒಂಬತ್ತನೇ ತರಗತಿಗೂ ಪಬ್ಲಿಕ್ ಪರೀಕ್ಷೆ: ಸರ್ಕಾರದ ಚಿಂತನೆ’. ಮೂಲಗಳು ತಿಳಿಸಿರುತ್ತವೆ. ಇಡೀ ಕರ್ನಾಟಕದಲ್ಲಿ ದಿನಾ ಚಿಂತನೆ ಮಾಡುವ ಸಂಸ್ಥೆ ಸರ್ಕಾರವೊಂದೇ ಎಂಬ ಭಾವನೆ ಬರುವಷ್ಟು ಈ ಪದ ಓಡುತ್ತದೆ. ಚಿಂತನೆಯ ಮರುದಿನ ‘ಆಕ್ರೋಶ’. ಯಾರದು ಎಂದು ಕೇಳಬೇಡಿ. ಇಬ್ಬರು ಮುಖಂಡರು, ಒಬ್ಬ ಮಾಜಿ ಸಚಿವರು ಸಿಕ್ಕರೆ ಆಕ್ರೋಶ ಮುಗಿಲು ಮುಟ್ಟುತ್ತದೆ. ಮೂರನೆಯದು ‘ಸ್ಪಷ್ಟನೆ’. ಸಚಿವರು ಕಾರು ಹತ್ತುವಾಗ ಕೊಡುವಂಥದ್ದು. ನಾಲ್ಕನೆಯದು ‘ಯೂ ಟರ್ನ್’. ಕೊನೆಗೆ ‘ಗೊಂದಲಕ್ಕೆ ತೆರೆ’. ಗೊಂದಲವನ್ನು ಎತ್ತಿ ಕಟ್ಟಿದವರೇ ತೆರೆಯನ್ನೂ ಎಳೆಯುತ್ತಾರೆ. ಈ ಐದೂ ಸಂಸ್ಕಾರ ಮುಗಿಯುವವರೆಗೆ ಸುತ್ತೋಲೆಯಲ್ಲಿ ಏನಿತ್ತು ಎಂದು ಯಾರೂ ಓದಬೇಕಾದ ಅಗತ್ಯ ಬೀಳುವುದಿಲ್ಲ.

2024ರ ಮಾರ್ಚಿನಲ್ಲಿ ಇದನ್ನು ಕಣ್ಣಾರೆ ಕಂಡೆವು. ಐದು, ಎಂಟು, ಒಂಬತ್ತು ಮತ್ತು ಹನ್ನೊಂದನೇ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ. ಇಲಾಖೆ ಇದನ್ನು ಕರೆದದ್ದು ‘ಮೌಲ್ಯಾಂಕನ’. ಐದನೇ ಕ್ಲಾಸಿನವನನ್ನು ಫೇಲು ಮಾಡುವುದಿಲ್ಲ, ಎಲ್ಲಿ ಹಿಂದಿದ್ದಾನೆ ಎಂದು ನೋಡುತ್ತೇವೆ ಅಷ್ಟೇ ಎಂಬುದು ಇಲಾಖೆಯ ಮಾತು. ಸುದ್ದಿಯವರು ಅದನ್ನು ಕರೆದದ್ದು ‘ಬೋರ್ಡ್ ಎಕ್ಸಾಂ’. ಇಲಾಖೆಯ ಪದದಲ್ಲಿ ಕೊಂಚ ಕಪಟವಿತ್ತು, ನಮ್ಮ ಪದದಲ್ಲಿ ಪೂರ್ತಿ ಭಯವಿತ್ತು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. 7ಕ್ಕೆ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು. 12ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಆ ತಡೆ ಬಿದ್ದು ಪರೀಕ್ಷೆ ನಡುವೆಯೇ ನಿಂತಿತು. 22ಕ್ಕೆ ವಿಭಾಗೀಯ ಪೀಠ ಪರೀಕ್ಷೆ ಸರಿ ಎಂದಿತು. 25ಕ್ಕೆ ಉಳಿದ ಪೇಪರು ಬರೆದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಮತ್ತೆ ತಡೆದು ಫಲಿತಾಂಶ ಪ್ರಕಟಿಸಬೇಡಿ ಎಂದಿತು. ಹತ್ತು ವರ್ಷದ ಮಗುವಿಗೆ ವಿಭಾಗೀಯ ಪೀಠ ಎಂದರೇನು ಎಂದು ಗೊತ್ತಾದದ್ದಷ್ಟೇ ಆ ವರ್ಷದ ಕಲಿಕಾ ಫಲ.

ಆ ತಿಂಗಳಲ್ಲಿ ಬಂದ ಶೀರ್ಷಿಕೆಗಳ ಜಾಡು ಹಿಡಿದರೆ ಕ್ರಿಯಾಪದಗಳೆಲ್ಲ ಒಬ್ಬನ ಮೇಲೇ ಬಿದ್ದಿವೆ. ‘ಸರ್ಕಾರಕ್ಕೆ ಹಿನ್ನಡೆ’, ‘ಸರ್ಕಾರಕ್ಕೆ ಬಿಗ್ ರಿಲೀಫ್’, ‘ಸರ್ಕಾರಕ್ಕೆ ಮತ್ತೆ ಮುಖಭಂಗ’, ‘ಸರ್ಕಾರಕ್ಕೆ ಚಾಟಿ’. ಪರೀಕ್ಷೆ ಬರೆಯುತ್ತಿದ್ದದ್ದು ಸರ್ಕಾರ, ಫೇಲಾದದ್ದೂ ಸರ್ಕಾರ, ಮರುಪರೀಕ್ಷೆಗೆ ಕೂತದ್ದೂ ಸರ್ಕಾರವೇ! ಎಂಟನೇ ಕ್ಲಾಸಿನ ಮಗು ಭಿನ್ನರಾಶಿ ಕಲಿತಿದೆಯೇ ಎಂದು ತಿಳಿಯುವುದಕ್ಕೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆ ಬೇಕೇ, ಅಥವಾ ಕ್ಲಾಸಿನ ಟೀಚರಿಗೆ ಅದು ಜೂನ್ ತಿಂಗಳಲ್ಲೇ ಗೊತ್ತಿರುತ್ತದೆಯೇ? ಗೊತ್ತಿದ್ದರೂ ಅವರಿಗೆ ಸರಿಪಡಿಸಲು ಪುರುಸೊತ್ತಿದೆಯೇ? ಈ ಪ್ರಶ್ನೆಗಳನ್ನು ಒಂದು ಸಂಜೆಯಾದರೂ ಕೇಳಿದ್ದರೆ ಅಪ್ಪ ಅಮ್ಮಂದಿರಿಗೆ ಪರೀಕ್ಷೆ ಬೇಕೋ ಬೇಡವೋ ಎಂದು ಯೋಚಿಸಲು ಏನಾದರೂ ಸಿಗುತ್ತಿತ್ತು. ಸಿಕ್ಕಿದ್ದು ಸ್ಕೋರು.

ಪಠ್ಯಪುಸ್ತಕದ ವಿಷಯಕ್ಕೆ ಬಂದರೆ ಕುಸ್ತಿ ಸಾಲದೆ ‘ಸಮರ’ ಬೇಕಾಗುತ್ತದೆ. 2022ರ ಮೇ ತಿಂಗಳು. ರೋಹಿತ್ ಚಕ್ರತೀರ್ಥ ಸಮಿತಿ ಪರಿಷ್ಕರಿಸಿದ ಪುಸ್ತಕ ಅಚ್ಚಿನ ಮನೆಯಲ್ಲಿತ್ತು, ಅದರ ಮೇಲಿನ ಯುದ್ಧ ಸ್ಟುಡಿಯೋದಲ್ಲಿತ್ತು. ಹೆಡಗೇವಾರ್ ಭಾಷಣ ಹತ್ತನೇ ತರಗತಿ ಕನ್ನಡಕ್ಕೆ ಬಂತು, ಭಗತ್ ಸಿಂಗ್ ಪಾಠ ಹೋಯಿತೋ ಇದೆಯೋ ಎಂದು ದಿನಗಟ್ಟಲೆ ಜಟಾಪಟಿ. ಬಸವಣ್ಣ, ನಾರಾಯಣ ಗುರು, ಕುವೆಂಪು ಎಲ್ಲರನ್ನೂ ಪರದೆಯ ಮೇಲೆ ತಂದು ನಿಲ್ಲಿಸಿದರು. ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. ಜೂನ್‌ನಲ್ಲಿ ಸಮಿತಿ ವಿಸರ್ಜನೆಯಾಯಿತು, ಮರುವರ್ಷ ಸರ್ಕಾರ ಬದಲಾಗಿ ಕೆಲವು ಪಾಠಗಳು ಹೊರಗೆ ಹೋದವು. ಇದರಲ್ಲಿ ಜಗಳವಾಡಬೇಕಾದ ವಿಷಯ ಖಂಡಿತ ಇತ್ತು, ಮಕ್ಕಳ ಕೈಗೆ ಯಾವ ಚರಿತ್ರೆ ಕೊಡುತ್ತೇವೆ ಎಂಬುದು ಸಣ್ಣ ಮಾತಲ್ಲ. ಆದರೆ ಪರದೆಯ ಆರು ಕಿಟಕಿಗಳಲ್ಲಿ ಕೂತ ಆರು ಜನರಲ್ಲಿ ಒಬ್ಬ ಕನ್ನಡ ಮೇಷ್ಟ್ರೂ ಇರಲಿಲ್ಲ. ಕೇಸರೀಕರಣವೋ, ಶುದ್ಧೀಕರಣವೋ ಎಂಬ ಎರಡೇ ಖಾನೆ. ಒಂದಕ್ಕೆ ಟಿಕ್ ಹಾಕಿ ಮಲಗಿ. ಪಾಠ ಮಕ್ಕಳ ವಯಸ್ಸಿಗೆ ತಕ್ಕುದಾಗಿದೆಯೇ, ವಾಕ್ಯ ತೊಡರುತ್ತದೆಯೇ, ಅಭ್ಯಾಸದ ಪ್ರಶ್ನೆಗಳು ಬಾಯಿಪಾಠ ಕೇಳುತ್ತವೆಯೋ ಬುದ್ಧಿ ಕೇಳುತ್ತವೆಯೋ, ಇದಕ್ಕೆ ಖಾನೆ ಇರಲಿಲ್ಲ.

ಅದೇ ಮೇ ತಿಂಗಳಲ್ಲಿ, ಅದೇ ಶಾಲೆಗಳಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಕೊರೊನಾದಿಂದ ಎರಡು ವರ್ಷ ಕಲಿಕೆ ತಪ್ಪಿದ ಮಕ್ಕಳನ್ನು ಮೇಲೆತ್ತಲು ಆ ಸಲ ಶಾಲೆಯನ್ನು ಮೇ 16ಕ್ಕೇ ತೆರೆದು ‘ಕಲಿಕಾ ಚೇತರಿಕೆ’ ಶುರು ಮಾಡಿದ್ದರು. ಐದನೇ ಕ್ಲಾಸಿನಲ್ಲಿ ಕೂತ ಮಗು ಓದಿನಲ್ಲಿ ಮೂರನೇ ಕ್ಲಾಸಿನಲ್ಲಿತ್ತು. ಅದಕ್ಕೆ ತಕ್ಕ ಅಭ್ಯಾಸದ ಹಾಳೆಗಳು, ಹಿಂದಿನ ತರಗತಿಗಳ ಕಲಿಕೆಯನ್ನು ಮತ್ತೆ ಹೆಣೆಯುವ ಯೋಜನೆ. ಚೆನ್ನಾಗಿ ನಡೆಯಿತೋ, ಹಾಳೆ ತುಂಬಿಸಿ ಫೈಲಿಗೆ ಹಾಕುವ ಶಾಸ್ತ್ರವಾಯಿತೋ, ಅದನ್ನು ಹೋಗಿ ನೋಡಿ ಬರೆಯಬೇಕಿದ್ದವರು ನಾವು. ಒಂದು ತಲೆಮಾರಿನ ಮಕ್ಕಳ ಓದೇ ಕಳೆದುಹೋದದ್ದಕ್ಕಿಂತ ದೊಡ್ಡ ಶಿಕ್ಷಣ ಸುದ್ದಿ ಈ ಐವತ್ತು ವರ್ಷದಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಆದರೆ ಅದರಲ್ಲಿ ಎದುರಾಳಿ ಯಾರು? ಯಾರ ಮೇಲೆ ಯಾರು ಕಿಡಿಕಾರಬೇಕು? ಕಿಡಿಕಾರಲು ಯಾರೂ ಇಲ್ಲದ ಸುದ್ದಿಗೆ ನಮ್ಮಲ್ಲಿ ಕ್ರಿಯಾಪದವಿಲ್ಲ.

ನನಗೆ ಗೊತ್ತಿರುವ ತಾಲ್ಲೂಕು ವರದಿಗಾರನೊಬ್ಬನಿದ್ದಾನೆ. ಪಾಪದವನು, ಅಂದರೆ ಸ್ಥಳಕ್ಕೆ ಹೋಗಿ ನೋಡಿ ಬರೆಯುವ ಚಟ ಇರುವವನು. ಒಮ್ಮೆ ನಲಿ-ಕಲಿ ತರಗತಿಯೊಂದರಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತುಬಂದ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ್ದು. ನಮ್ಮ ಸರ್ಕಾರಿ ಮೇಷ್ಟ್ರುಗಳೇ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು ಇಲ್ಲಿಗೆ ಹೊಂದಿಸಿಕೊಂಡದ್ದು. ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರರ ಮಕ್ಕಳು ಬೆರೆತು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿಯ ಚಾರ್ಟು, ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಬಿಡಿಸಿದ ಚಿತ್ರ. ತನ್ನ ಮೆಟ್ಟಿಲು ಯಾವುದೆಂದು ಏಣಿಯಲ್ಲಿ ನೋಡಿ, ತಟ್ಟೆಯಿಂದ ತನ್ನ ಕಾರ್ಡು ತಾನೇ ಹುಡುಕಿಕೊಂಡು ಮಗು ಕೂರುತ್ತದೆ. ಒಂದು ಹುಡುಗಿ ‘ಗರಗಸ’ ಎಂಬ ಕಾರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಏನೆಂದು ಹೊಳೆದ ಕೂಡಲೇ ಪಕ್ಕದವನ ತೋಳಿನ ಮೇಲೆ ಗರಗಸ ಎಳೆದು ತೋರಿಸಿತಂತೆ. ಇಂಥ ತರಗತಿಯಲ್ಲೂ ಕೊರತೆ ಇದೆ: ಒಬ್ಬರೇ ಟೀಚರು, ಹರಿದ ಕಾರ್ಡು, ಯಾಕೆ ಪಾಠ ಮಾಡದೆ ಆಟವಾಡಿಸುತ್ತೀರಿ ಎಂದು ಕೇಳುವ ಪೋಷಕರು. ಎಲ್ಲವನ್ನೂ ಬರೆದು ಬೆಂಗಳೂರಿನ ಡೆಸ್ಕಿಗೆ ಕಳಿಸಿದ. ಫೋನು ಬಂತು.

“ಏನ್ರೀ ಇದು, ಬಿಸಿಯೂಟದಲ್ಲಿ ಹಲ್ಲಿ ಬಿತ್ತಾ?”

“ಇಲ್ಲ ಸರ್, ಮಕ್ಕಳು ಓದೋದು ಕಲೀತಿದಾರೆ.”

“ಸರಿ, ಶಾಲೆಗೆ ಕಲಿಯೋಕೇ ಹೋಗ್ತಾರೆ. ಸುದ್ದಿ ಏನು?”

“ಒಬ್ಬರೇ ಟೀಚರ್ರು ಮೂರು ಕ್ಲಾಸು ನೋಡ್ಕೋತಾರೆ ಸರ್.”

“ಅವರು ಸಸ್ಪೆಂಡ್ ಆದ್ರಾ?”

“ಇಲ್ಲ.”

“ಪ್ರತಿಭಟನೆ?”

“ಇಲ್ಲ ಸರ್.”

“ನೋಡಿ, ಶನಿವಾರ ಜಾಗ ಉಳಿದರೆ ನೋಡೋಣ. ಅಂದಹಾಗೆ ನಿಮ್ಮ ಕಡೆ ಮಳೆ ಹೇಗಿದೆ? ನಾಳೆ ರಜೆ ಕೊಡ್ತಾರಾ ಕೇಳಿ, ಅದನ್ನ ಮೊದಲು ಕಳಿಸಿ.”

ಆ ಶನಿವಾರ ಜಾಗ ಉಳಿಯಲಿಲ್ಲ. ಪಿಯು ಕಾಲೇಜೊಂದರ ಪುಟತುಂಬ ಜಾಹೀರಾತಿತ್ತು. ಅಂಚೆಚೀಟಿ ಗಾತ್ರದ ನೂರಾರು ಮುಖ, ಪ್ರತಿ ಮುಖದ ಕೆಳಗೆ ಒಂದು ಅಂಕಿ. ಒಳಗಿನ ನಾಲ್ಕನೇ ಪುಟದಲ್ಲಿ ‘ಶಿಕ್ಷಣದ ವ್ಯಾಪಾರೀಕರಣಕ್ಕೆ ಕಡಿವಾಣ ಎಂದು?’ ಎಂಬ ಸಂಪಾದಕೀಯವೂ ಇತ್ತು. ಎರಡೂ ಒಂದೇ ಮನೆಯಲ್ಲಿ ಸೌಹಾರ್ದದಿಂದ ಬಾಳುತ್ತವೆ. 625ಕ್ಕೆ 625 ತೆಗೆದ ಮಗು ಸರ್ಕಾರಿ ವಸತಿ ಶಾಲೆಯದಾದರೆ ನಾವು ಬರೆಯುವುದು ‘ರೈತನ ಮಗಳ ಸಾಧನೆ’, ‘ಬಡತನದಲ್ಲಿ ಅರಳಿದ ಪ್ರತಿಭೆ’. ಖಾಸಗಿ ಶಾಲೆಯದಾದರೆ ಶಾಲೆಯ ಹೆಸರು, ಅಧ್ಯಕ್ಷರ ಹೆಸರು, ಮಗುವಿಗೆ ಸಿಹಿ ತಿನ್ನಿಸುವ ಅವರ ಕೈ. ಸರ್ಕಾರಿ ಶಾಲೆಯಲ್ಲಿ ಮಗು ಬಡತನದ ಹೊರತಾಗಿಯೂ ತನ್ನಷ್ಟಕ್ಕೇ ಅರಳುತ್ತದೆ, ಖಾಸಗಿಯಲ್ಲಿ ಸಂಸ್ಥೆ ಅರಳಿಸುತ್ತದೆ. ರಾತ್ರಿ ಒಂಬತ್ತರವರೆಗೆ ಹಾಸ್ಟೆಲಿನಲ್ಲಿ ಕೂತು ಲೆಕ್ಕ ಮಾಡಿಸಿದ ಮೊರಾರ್ಜಿ ವಸತಿ ಶಾಲೆಯ ಮೇಷ್ಟ್ರ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ.

‘ಭಾಗ್ಯ’ ಎಂಬ ಮಾತು ಇನ್ನೊಂದು. ಹಾಲು ಕೊಟ್ಟರೆ ಭಾಗ್ಯ, ಮೊಟ್ಟೆ ಕೊಟ್ಟರೆ ‘ಮೊಟ್ಟೆ ಫೈಟ್’, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದರೆ ಬೆಳಿಗ್ಗೆ ‘ಬಡಮಕ್ಕಳಿಗೂ ಇಂಗ್ಲಿಷ್ ಭಾಗ್ಯ’, ಸಂಜೆ ‘ಕನ್ನಡಕ್ಕೆ ಕೊಡಲಿ ಪೆಟ್ಟು’. ಆರರಿಂದ ಹದಿನಾಲ್ಕರ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು ಎಂದು ಸಂವಿಧಾನಕ್ಕೆ 86ನೇ ತಿದ್ದುಪಡಿ ತಂದು ಎರಡು ದಶಕ ದಾಟಿತು. ಹಕ್ಕು ಎಂದರೆ ಕೇಳಿ ಪಡೆಯಬಹುದು, ಸಿಗದಿದ್ದರೆ ದಬಾಯಿಸಬಹುದು. ಭಾಗ್ಯ ಎಂದರೆ ಬಂದಾಗ ಕೈ ಮುಗಿಯಬೇಕು, ಬರದಿದ್ದರೆ ಜಾತಕ ನೋಡಿಸಬೇಕು. ಇಲಾಖೆ ಇತ್ತೀಚೆಗೆ ಇನ್ನೂ ನುರಿತಿದೆ: ಮಕ್ಕಳು ಕಡಿಮೆಯಿರುವ ಶಾಲೆಯನ್ನು ‘ಮುಚ್ಚುವುದಿಲ್ಲ’, ‘ವಿಲೀನ’ಗೊಳಿಸುತ್ತದೆ; ದೊಡ್ಡ ಶಾಲೆ ‘ಮ್ಯಾಗ್ನೆಟ್’ ಆಗುತ್ತದೆ. ಪ್ರಕಟಣೆಯಲ್ಲಿ ಬಂದದ್ದು ಹಾಗೇ ಅಚ್ಚಾಗುತ್ತದೆ. ಎರಡನೇ ಕ್ಲಾಸಿನ ಮಗು ಆ ಅಯಸ್ಕಾಂತದ ಕಡೆಗೆ ದಿನಾ ಎಷ್ಟು ದೂರ ನಡೆಯಬೇಕು ಎಂದು ಪ್ರಕಟಣೆಯಲ್ಲಿ ಇರುವುದಿಲ್ಲ, ಹಾಗಾಗಿ ಪೇಪರಿನಲ್ಲೂ ಇರುವುದಿಲ್ಲ.

ಇದೆಲ್ಲ ಹೋಗಿ ಎಲ್ಲಿ ಕೂರುತ್ತದೆ ಎಂದು ನೋಡಬೇಕೆಂದರೆ ಯಾವುದಾದರೂ ಸರ್ಕಾರಿ ಪ್ರೌಢಶಾಲೆಯ ಪೋಷಕರ ಸಭೆಗೆ ಹೋಗಿ. ಹೆಡ್‌ಮಾಸ್ಟರು ವಿಜ್ಞಾನದ ಅತಿಥಿ ಶಿಕ್ಷಕರಿಗೆ ತಿಂಗಳುಗಟ್ಟಲೆ ಸಂಬಳ ಬಂದಿಲ್ಲ, ಅವರು ಬಿಟ್ಟು ಹೋಗುವ ಹಾಗಿದ್ದಾರೆ ಎಂದು ಹೇಳುತ್ತಾರೆ. ಸಭೆ ಆಕಳಿಸುತ್ತದೆ. ಹಿಂದಿನ ಸಾಲಿನಿಂದ ಒಬ್ಬರು ಏಳುತ್ತಾರೆ: “ಸಾರ್, ಈ ಸಲ ಗ್ರೇಸ್ ಇದೆಯಂತಾ?” ಇನ್ನೊಬ್ಬರು: “ಪರೀಕ್ಷೆ ಒಂದಕ್ಕಿಂತ ಹೆಚ್ಚು ಸಲ ಇದೆಯಲ್ಲ ಸಾರ್, ಒಂದರಲ್ಲಿ ಹೋದರೆ ಇನ್ನೊಂದು. ಟೀವೀಲಿ ಹೇಳಿದ್ರು, ಇನ್ಮುಂದೆ ಫೇಲೇ ಇಲ್ವಂತೆ.” ಒಬ್ಬ ತಾಯಿ ಮಾತ್ರ, ಮಗ ಇಂಗ್ಲಿಷ್ ಓದುತ್ತಾನೆ ಆದರೆ ಏನು ಓದಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ, ಯಾಕೆ ಎಂದು ಕೇಳುತ್ತಾರೆ. ಅವರ ಮನೆಯಲ್ಲಿ ಟೀವಿ ಕೆಟ್ಟಿತ್ತೋ ಏನೋ.

ದೊಡ್ಡ ಸುಧಾರಣೆಗಳ ಗತಿಯೂ ಇದೇ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಪದವಿಗೆ ತಂದಾಗ ಶೀರ್ಷಿಕೆ ‘ದೇಶದಲ್ಲೇ ಮೊದಲು’. ತಯಾರಿ ಇದೆಯೇ ಎಂದು ಕೇಳುವ ಮೊದಲೇ ಪದಕ ಕೊಟ್ಟಾಯಿತು. 2024ರಲ್ಲಿ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದಾಗ ‘ಎನ್‌ಇಪಿಗೆ ಕೊಕ್’. ನಡುವಿನ ಮೂರು ವರ್ಷ ಆ ಪಠ್ಯಕ್ರಮ ಓದಿದ, ಕಲಿಸಿದ ಜನ ಯಾವ ಶೀರ್ಷಿಕೆಗೂ ಹಿಡಿಸಲಿಲ್ಲ. 2025ರ ಆಗಸ್ಟಿನಲ್ಲಿ ಸುಖದೇವ್ ಥೋರಟ್ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿತು. ಐದನೇ ತರಗತಿವರೆಗೆ ಕನ್ನಡ ಇಲ್ಲವೇ ಮಾತೃಭಾಷೆಯಲ್ಲಿ ಕಲಿಕೆ, ದ್ವಿಭಾಷಾ ನೀತಿ, ಶಾಲಾ ರಚನೆಯಲ್ಲೇ ಬದಲಾವಣೆ. ಒಂದೊಂದೂ ಒಂದು ತಿಂಗಳು ಚರ್ಚೆಯಾಗಬೇಕಾದವು. ನಮಗೆ ಮೂರು ಪದ ಸಾಕಾಯಿತು: ‘ಹಿಂದಿಗೆ ಗೇಟ್‌ಪಾಸ್, ಫಿಕ್ಸ್?’ ಆ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ, ಅದು ಓದುಗರಿಗೆ ಕೇಳಿದ ಪ್ರಶ್ನೆ ಅಲ್ಲ, ನಾಳೆ ಸುಳ್ಳಾದರೆ ಇರಲಿ ಎಂದು ಇಟ್ಟುಕೊಂಡ ನಿರೀಕ್ಷಣಾ ಜಾಮೀನು.

ನಮ್ಮ ತಾಲ್ಲೂಕು ವರದಿಗಾರ ಈಗ ಚಾಲಾಕಾಗಿದ್ದಾನೆ. ಎಂಟು ತಿಂಗಳಿಂದ ಗಣಿತದ ಮೇಷ್ಟ್ರಿಲ್ಲದ ಹೈಸ್ಕೂಲೊಂದರ ಸುದ್ದಿಯನ್ನು ಡೆಸ್ಕಿನ ಭಾಷೆಯಲ್ಲೇ ಬರೆದ: ‘ಒಂಬತ್ತನೇ ಕ್ಲಾಸಿಗೆ ಕೈಕೊಟ್ಟು ಹೋದ ಗಣಿತ ಮೇಷ್ಟ್ರು! ಕೊನೆಯ ಬಾರಿ ಕಂಡದ್ದು ಎಲ್ಲಿ? ಕೌನ್ಸೆಲಿಂಗ್‌ನಲ್ಲಿ ವರ್ಗಾವಣೆಯ ರೋಚಕ ಕಹಾನಿ!’ ಟೀವಿಯವರಿಗೂ ಕಳಿಸಿದ. ತಕ್ಷಣ ಫೋನು.

“ಸೂಪರ್! ವಿಶುವಲ್ ಏನಿದೆ?”

“ಸ್ಟಾಫ್ ರೂಮಲ್ಲಿ ಅವರ ಕುರ್ಚಿ ಖಾಲಿ ಇದೆ ಸರ್. ಧೂಳು ಕೂತಿದೆ. ಮೊಬೈಲಲ್ಲಿ ತೆಗೆದಿದೀನಿ.”

“ಕುರ್ಚಿನಾ? ಖಾಲಿನಾ? ಈಗಲೇ ಕಳಿಸಿ!”

ಸಂಜೆ ಏಳರ ಬುಲೆಟಿನ್ನಿನಲ್ಲಿ ಆ ಕುರ್ಚಿ ಬಂತು. ನಾಲ್ಕು ಮೂಲೆಯಿಂದ ಜೂಮ್ ಮಾಡಿ, ಸುತ್ತ ಬೆಂಕಿಯ ಗ್ರಾಫಿಕ್ಸ್ ಹಚ್ಚಿ, ಹೆಡ್‌ಮಾಸ್ಟರರೂ ಸ್ಟಾಫ್ ರೂಮಿನವರೂ ಗುರುತು ಹಿಡಿಯುವಷ್ಟು ಹೊತ್ತು ತೋರಿಸಿದರು. ಪಕ್ಕದಲ್ಲಿ ದಪ್ಪಕ್ಷರ: ‘ಸಿಎಂ ಕುರ್ಚಿ ಯಾರಿಗೆ?’